ಇಪ್ಪತ್ತು ಅಂಕೆಗಳ ಬೆಳಕು

ಜಕಾರ್ತಾದಲ್ಲಿ ಕಂಪನಿಯವರು ನನಗೆ ಗೊತ್ತುಮಾಡಿಕೊಟ್ಟಿರುವ ಬಾಡಿಗೆ ಮನೆಯ ಕರೆಂಟ್ ಮೀಟರಿಗೆ ಮಾತು ಬರುತ್ತದೆ. ಬರುವುದು ‘ಟಿಟ್ ಟಿಟ್ ಟಿಟ್’ ಎಂಬ ಒಂದೇ ಮಾತು. ಆದರೆ ಅದನ್ನು ಆಡಲು ಅದು ಆರಿಸಿಕೊಳ್ಳುವ ಮುಹೂರ್ತ ಮಾತ್ರ ಬಹುಪಾಲು ಮಧ್ಯರಾತ್ರಿ ಕಳೆದ ಮೇಲಿನದು. ನಿನ್ನೆ ರಾತ್ರಿಯೂ ಹಾಗೆಯೇ ಆಯಿತು. ಒಮ್ಮೆ ಶುರುವಾದರೆ ಹಣ ಕಟ್ಟುವವರೆಗೆ ಅದು ಬಾಯಿ ಮುಚ್ಚುವುದಿಲ್ಲವಾದ್ದರಿಂದ ನಿದ್ದೆಗೆಟ್ಟ ಕಣ್ಣಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಲ್ಲಿ ಸಿಟ್ಟು ಇಣುಕಿದರೆ ಮೀಟರೇ ಅದಕ್ಕೆ ಹೊಣೆ.

ನಮ್ಮ ಕಡೆಯ ವ್ಯವಸ್ಥೆ ನಿಮಗೆ ತಿಳಿದೇ ಇದೆ. ತಿಂಗಳಿಗೊಮ್ಮೆ ಹೆಗಲಿಗೆ ಪುಟ್ಟ ಯಂತ್ರ ನೇತುಹಾಕಿಕೊಂಡ ಒಬ್ಬರು ಬರುತ್ತಾರೆ, ಗೇಟು ತೆಗೆದು ಮೀಟರನ್ನು ಒಮ್ಮೆ ದಿಟ್ಟಿಸುತ್ತಾರೆ, ಯಂತ್ರ ಕರಕರ ಎಂದು ಉದ್ದನೆಯ ಚೀಟಿಯೊಂದನ್ನು ಹೊರಹಾಕುತ್ತದೆ, ಅದನ್ನು ಗೇಟಿನ ಸಂದಿಗೆ ಸಿಕ್ಕಿಸಿ, ನಾಯಿಗೆ ಎಚ್ಚರವಾಗುವಷ್ಟರಲ್ಲಿ ಅವರು ಪಕ್ಕದ ಮನೆ ಸೇರಿರುತ್ತಾರೆ. ಬೆಸ್ಕಾಂ ಬಂದು ಎರಡು ದಶಕ ಕಳೆದರೂ ನಮ್ಮ ಮನೆಯಲ್ಲಿ ಈಗಲೂ ‘ಕೆಇಬಿಯವರು ಬಂದಿದ್ದರು’ ಎಂದೇ ಹೇಳುತ್ತಾರೆ. ಮೊದಲು ಉರಿಸುವುದು, ಆಮೇಲೆ ಕಟ್ಟುವುದು, ಕಟ್ಟಲು ಮರೆತರೆ ಫ್ಯೂಸ್ ಕಿತ್ತುಕೊಂಡು ಹೋಗಲು ಬಂದ ಲೈನ್‌ಮನ್‌ನನ್ನು ಕೂರಿಸಿ ಕಾಫಿ ಕೊಟ್ಟು ಸಂಜೆಯವರೆಗೆ ಗಡುವು ಕೇಳುವುದು, ಇದು ನಾನು ಬಲ್ಲ ನಾಗರಿಕತೆ.

ಇಲ್ಲಿ ನನ್ನ ಮನೆಯಲ್ಲಿ ಅದೆಲ್ಲ ತಿರುವುಮುರುವು. ಮೊದಲು ಮೂಲೆಯ ಮಿನಿ ಮಾರ್ಕೆಟ್ಟಿಗೆ ಹೋಗಿಯೋ ಬ್ಯಾಂಕಿನ ಆ್ಯಪ್ ತೆರೆದೋ ಮೀಟರಿನ 11 ಅಂಕೆಗಳ ಸಂಖ್ಯೆಯನ್ನು ಹೇಳಿ, 20,000, 50,000, ಒಂದು ಲಕ್ಷ ಹೀಗೆ ನಿಗದಿಯಾಗಿರುವ ಮೊತ್ತಗಳಲ್ಲಿ ಒಂದನ್ನು ಕಟ್ಟಬೇಕು. ಕಟ್ಟಿದ ಮೇಲೆ 20 ಅಂಕೆಗಳ ಒಂದು ಸಂಖ್ಯೆ, ನಾಲ್ಕು ನಾಲ್ಕರ ಐದು ಗುಂಪುಗಳಾಗಿ, ಸಣ್ಣ ಚೀಟಿಯೊಂದರ ಮೇಲೆ ಅಚ್ಚಾಗಿ ಬರುತ್ತದೆ. ಇದಕ್ಕೆ ಟೋಕನ್ ಎಂದು ಹೆಸರು. ಮನೆಗೆ ಬಂದು, ಮೀಟರಿನ ಮೈಮೇಲಿರುವ ಗುಂಡಿಗಳನ್ನು ಒತ್ತಿ ಆ ಇಪ್ಪತ್ತನ್ನೂ ತಪ್ಪಿಲ್ಲದೆ ಅದಕ್ಕೆ ಒಪ್ಪಿಸಬೇಕು. ಒಪ್ಪಿತವಾದರೆ ಪರದೆಯ ಮೇಲೆ ‘ಬೆನಾರ್’, ಅಂದರೆ ಸರಿ ಎಂದು ಮೂಡಿ ಯೂನಿಟ್ಟುಗಳು ಏರುತ್ತವೆ. ಯೂನಿಟ್ಟಿಗೆ ಸುಮಾರು 1,444 ರುಪಿಯಾ. ಏರಿದ ಯೂನಿಟ್ಟು ಇಳಿಯುತ್ತಾ ಇಳಿಯುತ್ತಾ, ಇನ್ನೂ ಒಂದೆರಡು ದಿನಕ್ಕೆ ಸಾಕಾಗುವಷ್ಟು ಕರೆಂಟ್ ಉಳಿದಿರುವಾಗಲೇ, ಕೆಂಪು ದೀಪ ಮಿಟುಕಿಸುತ್ತಾ ಅದು ಬಾಯಿ ತೆರೆಯುತ್ತದೆ.

ಲಕ್ಷ ಎಂದೊಡನೆ ಹೌಹಾರಬೇಕಾಗಿಲ್ಲ. ಇಲ್ಲಿನ ಒಂದು ಲಕ್ಷವೆಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಈ ದೇಶದ ಮೊದಲ ಅಧ್ಯಕ್ಷ ಸುಕರ್ಣೊ ಮತ್ತು ಮೊದಲ ಉಪಾಧ್ಯಕ್ಷ ಹಟ್ಟಾ ಇಬ್ಬರ ಚಿತ್ರವೂ ಇರುವ ಒಂದೇ ಒಂದು ಕೆಂಪು ನೋಟು. ಆ ಇಬ್ಬರದೇ ಹೆಸರು ಹೊತ್ತ ವಿಮಾನ ನಿಲ್ದಾಣದಲ್ಲಿ ಇಳಿದು, ಎಟಿಎಂನಿಂದ 20 ಲಕ್ಷ ತೆಗೆದು ಅಂಗಿಯ ಜೇಬಿಗೆ ಸೇರಿಸಿದಾಗ ನನಗೂ ಒಂದು ಗತ್ತು ಬಂದಿತ್ತು. ಟ್ಯಾಕ್ಸಿಗೆ 2 ಲಕ್ಷಕ್ಕೂ ಮೇಲೆ ತೆತ್ತು, ಅಕ್ಕಿ, ನೀರಿನ ಕ್ಯಾನು, ಛತ್ರಿಗಳನ್ನು ಕೊಳ್ಳುವಷ್ಟರಲ್ಲಿ ಅದು ಇಳಿದೂ ಹೋಯಿತು. ಈ ಊರಿನಲ್ಲಿ ಮುಂಗಡವಾಗಿ ತುಂಬಿಸದೆ ಏನೂ ನಡೆಯುವುದಿಲ್ಲ ಎಂಬ ಸೂಚನೆ ದಾರಿಯಲ್ಲೇ ಸಿಕ್ಕಿತ್ತು. ಟೋಲ್ ಗೇಟುಗಳಲ್ಲಿ 2017ರಿಂದ ನಗದು ನಡೆಯದು. ಮೊದಲೇ ಹಣ ತುಂಬಿಸಿದ ಕಾರ್ಡನ್ನು ತಾಗಿಸಬೇಕು. ನಮ್ಮ ಚಾಲಕನ ಕಾರ್ಡಿನಲ್ಲಿ ಹಣ ಮುಗಿದಿತ್ತು. ಆತ ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಕಾರ್ಡಿಗಾಗಿ ತಡಕಾಡುತ್ತಿದ್ದಷ್ಟು ಹೊತ್ತೂ ಹಿಂದಿನ ಸಾಲಿನ ಒಬ್ಬನೇ ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಬೆಂಗಳೂರಿನವನಾದ ನನಗೆ ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು.

ನಾನು ಬಂದಿರುವುದು ಕೆಲವು ತಿಂಗಳುಗಳ ಮಟ್ಟಿಗೆ. ನಮ್ಮ ಕಂಪನಿ ಇಲ್ಲಿನ ಗೋದಾಮೊಂದಕ್ಕೆ ದಾಸ್ತಾನು ಲೆಕ್ಕದ ತಂತ್ರಾಂಶವನ್ನು ಮಾರಿದೆ; ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಅಲ್ಲಿನವರಿಗೆ ಕಲಿಸುವುದು ನನ್ನ ಕೆಲಸ. ಹಗಲೆಲ್ಲ ಪರರಿಗೆ ಗುಂಡಿ ಒತ್ತಲು ಕಲಿಸಿ ರಾತ್ರಿ ನಾನೇ ಗುಂಡಿಗಳ ಮುಂದೆ ಕೈಕಟ್ಟಿ ನಿಲ್ಲಬೇಕೆಂದು ಬರೆದಿದ್ದರೆ ಯಾರೇನು ಮಾಡಲಾದೀತು.

ಮನೆ ದಕ್ಷಿಣ ಜಕಾರ್ತಾದ ತೆಬೆತ್‌ನಲ್ಲಿದೆ, ಕಚೇರಿ ಪಕ್ಕದ ಕುನಿಂಗನ್‌ನಲ್ಲಿ. ನಕ್ಷೆಯಲ್ಲಿ ನಾಲ್ಕು ಕಿಲೋಮೀಟರ್, ಸಂಜೆ ಐದಕ್ಕೆ ಹೊರಟರೆ ಒಂದು ಗಂಟೆ; ಈ ಲೆಕ್ಕವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಿಯ ಬಾಯಿಯಲ್ಲಿ ‘ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳತಕ್ಕದ್ದು’ ಎಂಬ ಫಲಕವಿದೆ. ವರದಿ ಮಾಡಿಕೊಳ್ಳಬೇಕಾದದ್ದು ‘ಪಾಕ್ ಎರ್‌ತೆ’ಯವರಿಗೆ. ಹತ್ತಾರು ಮನೆಗಳಿಗೊಬ್ಬರಂತೆ ನೆರೆಹೊರೆಯವರೇ ಆರಿಸಿಕೊಳ್ಳುವ ಮುಖ್ಯಸ್ಥರು ಇವರು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಹಾಕಿಕೊಟ್ಟ ಪದ್ಧತಿ, ಅವರು ಹೋದ ಮೇಲೂ ಉಳಿದುಕೊಂಡಿದೆ. ನಮ್ಮ ಗಲ್ಲಿಯ ಪಾಕ್ ಎರ್‌ತೆಯವರು ನನ್ನ ಪಾಸ್‌ಪೋರ್ಟಿನ ಪುಟಗಳನ್ನೆಲ್ಲ ಮಗುಚಿ, ಖಾಲಿ ಪುಟಗಳನ್ನೂ ಬಿಡದೆ ನೋಡಿ, ದಪ್ಪ ಪುಸ್ತಕದಲ್ಲಿ ನನ್ನನ್ನು ದಾಖಲಿಸಿ, ಕಾವಲು ಮತ್ತು ಕಸದ ಮಾಸಿಕ ಚಂದಾ ಎಷ್ಟೆಂದು ನಗುನಗುತ್ತ ತಿಳಿಸಿದರು. ಅದೂ ಮುಂಗಡ.

ಮನೆಯೊಡತಿ ಅರವತ್ತರ ಆಸುಪಾಸಿನವರು. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ಇಬು ಎನ್ನುತ್ತೇನೆ. ಕೀಲಿ ಕೊಡುವ ದಿನ ಅವರು ಚಪ್ಪಲಿ ಎಲ್ಲಿ ಬಿಡಬೇಕು, ಕಸ ಎಂದು ಹೊರಗಿಡಬೇಕು, 19 ಲೀಟರಿನ ನೀರಿನ ಕ್ಯಾನನ್ನು ಸೊಂಟ ಉಳುಕದ ಹಾಗೆ ಹೇಗೆ ಬೋರಲು ಹಾಕಬೇಕು ಎಂಬುದನ್ನೆಲ್ಲ ಸಾಭಿನಯವಾಗಿ ತೋರಿಸಿದರು. ಮೀಟರಿನ ವಿಷಯಕ್ಕೆ ಬಂದಾಗ ಮಾತ್ರ, ಗೋಡೆಯ ಕಡೆ ಕೈ ತೋರಿಸಿ, ‘ಅದು ತಾನೇ ಹೇಳುತ್ತದೆ’ ಎಂದು ಹೊರಟುಹೋದರು.

ಅದು ತಾನೇ ಹೇಳಿತು. ಮೊದಲ ಸಲ ಹೇಳಿದಾಗ ರಾತ್ರಿ ಎರಡು ಗಂಟೆ. ನಾನು ಫ್ರಿಡ್ಜಿನ ಬಾಗಿಲು ತೆರೆದಿದೆಯೇನೋ ಎಂದು ನೋಡಿದೆ, ಮುಚ್ಚಿತ್ತು. ಲ್ಯಾಪ್‌ಟಾಪ್ ಆರಿಸಿದೆ, ಫೋನನ್ನು ದಿಂಬಿನ ಅಡಿಗೆ ತುರುಕಿದೆ, ಗೋಡೆ ಗಡಿಯಾರದ ಬ್ಯಾಟರಿ ಕಿತ್ತೆ. ಟಿಟ್ ಟಿಟ್ ಟಿಟ್. ಮಂಚದ ಕೆಳಗೆ ಬಗ್ಗಿ ನೋಡುವಾಗ ಸದ್ದು ಸಣ್ಣದಾಯಿತು, ಎದ್ದು ನಿಂತಾಗ ಜೋರಾಯಿತು. ಹಾಗಾದರೆ ಮೇಲಿನಿಂದ ಬರುತ್ತಿರಬೇಕೆಂದು ಕುರ್ಚಿ ಹತ್ತಿದೆ. ಕೊನೆಗೆ ಬಾಗಿಲು ತೆರೆದು ಹೊರಗೆ ಬಂದರೆ ಎದುರು ಮನೆಯ ಮಹಡಿಯಲ್ಲಿ ಬನಿಯನ್ ತೊಟ್ಟ ಹಿರಿಯರೊಬ್ಬರು ನನಗಾಗಿಯೇ ಕಾದಿದ್ದವರ ಹಾಗೆ ನಿಂತಿದ್ದರು. ‘ಪಾಕ್, ಲಿಸ್ತ್ರಿಕ್!’ ಎಂದರು. ರಾಯರೇ, ನಿಮ್ಮ ಕರೆಂಟು. ಅಷ್ಟು ಹೇಳಿ, ಕರ್ತವ್ಯ ಮುಗಿಸಿದ ತೃಪ್ತಿಯಿಂದ ಒಳಗೆ ಹೋಗಿ ಮಲಗಿದರು. ಮಿನಿ ಮಾರ್ಕೆಟ್ಟು ಬಾಗಿಲು ತೆರೆಯಲು ಇನ್ನೂ ಐದು ಗಂಟೆ ಇತ್ತು. ಬ್ಯಾಂಕಿನ ಆ್ಯಪ್ ಎಂಬುದು ಇಲ್ಲಿನ ಖಾತೆ ಇರುವವರ ಭಾಗ್ಯ.

ಮೀಟರನ್ನು ಗೋಡೆಯ ಹೊರಮೈಯಲ್ಲಿ, ಗಲ್ಲಿಗೆ ಎದುರಾಗಿ ಕೂರಿಸಿದ ಪುಣ್ಯಾತ್ಮನ ಮೇಲೆ ನನಗೆ ಅಂದಿನಿಂದಲೂ ಕೋಪವಿದೆ. ನಮ್ಮಲ್ಲಿ ಕರೆಂಟು ಬಿಲ್ಲು ಬಾಕಿ ಇರುವುದು ಮನೆಯ ನಾಲ್ಕು ಗೋಡೆಗಳ ಒಳಗಿನ ಗುಟ್ಟು. ಇಲ್ಲಿ ನನ್ನ ಹಣ ಮುಗಿಯುತ್ತಾ ಬಂದಿದೆ ಎಂಬುದು ನನಗಿಂತ ಮೊದಲು ಗಲ್ಲಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ತರಕಾರಿ ಗಾಡಿಯವನು ‘ಲಿಸ್ತ್ರಿಕ್’ ಎನ್ನುತ್ತಾನೆ. ಶಾಲೆಗೆ ಹೊರಟ ಹುಡುಗಿ ತನ್ನ ಅಮ್ಮನಿಗೆ ನಮ್ಮ ಮೀಟರನ್ನು ಬೆರಳಿಟ್ಟು ತೋರಿಸುತ್ತಾಳೆ. ರಾತ್ರಿ ಬಾಣಲೆಗೆ ಸೌಟಿನಿಂದ ಟಣಟಣ ಬಡಿಯುತ್ತಾ ಬರುವ ನಾಸಿ ಗೋರೆಂಗ್, ಅಂದರೆ ಹುರಿದ ಅನ್ನದ ಗಾಡಿಯವನು ನನ್ನ ಗೇಟಿನ ಮುಂದೆ ಬಂದಾಗ ಬಡಿತ ನಿಲ್ಲಿಸಿ, ಒಂದು ಕ್ಷಣ ಕಿವಿಗೊಟ್ಟು ಕೇಳಿ, ‘ಲಿಸ್ತ್ರಿಕ್’ ಎಂದು ಸಾರಿ ಮುಂದಕ್ಕೆ ಹೋಗುತ್ತಾನೆ. ಅವರಲ್ಲಿ ಒಬ್ಬರಿಗೂ ವ್ಯಂಗ್ಯದ ಉದ್ದೇಶವಿಲ್ಲ, ಎಲ್ಲರದೂ ನಿಜವಾದ ಕಾಳಜಿ ಎಂಬುದು ನನ್ನ ಸಂಕಟವನ್ನು ಇನ್ನೂ ಹೆಚ್ಚಿಸಿದೆ. ವ್ಯಂಗ್ಯವಾಗಿದ್ದರೆ ಉತ್ತರ ಕೊಡಬಹುದಿತ್ತು.

ಯೂನಿಟ್ಟಿನ ಮಾತು ಹೀಗಾದರೆ ಲೋಡಿನದು ಬೇರೆಯೇ ಕಥೆ. ನನ್ನ ಮನೆಗೆ ಮಂಜೂರಾಗಿರುವುದು 1,300 ವೋಲ್ಟ್-ಆಂಪಿಯರ್. ಅದನ್ನು ಮೀರಿದರೆ ಕರೆಂಟು ಕಡಿಯುವ ಎಂಸಿಬಿ ಎಂಬ ಸ್ವಿಚ್ಚು ಟಪ್ಪೆಂದು ಬೀಳುತ್ತದೆ, ಮತ್ತು ಆ ಎಂಸಿಬಿಯೂ ಹೊರಗಿನ ಅದೇ ಮೀಟರಿನಲ್ಲೇ ಇದೆ. ಎಸಿ ಓಡುತ್ತಿರುವಾಗ, ಬೆಂಗಳೂರಿನಿಂದ ಹೊತ್ತು ತಂದ 750 ವ್ಯಾಟಿನ ಮಿಕ್ಸಿಯನ್ನು, ಅದರ ಮೂರು ದಪ್ಪ ಪಿನ್ನುಗಳಿಗಾಗಿಯೇ ಪರದಾಡಿ ಹುಡುಕಿದ ಅಡಾಪ್ಟರಿನ ಮೂಲಕ ಚಾಲೂ ಮಾಡಿದರೆ ಹುರಿಗಡಲೆ ಇನ್ನೂ ಎರಡು ಹೋಳಾಗುವ ಮೊದಲೇ ಮನೆ ಕತ್ತಲಾಗುತ್ತದೆ. ತೆಂಗಿನಕಾಯಿಗೆ ಈ ನಾಡಿನಲ್ಲಿ ಬರವಿಲ್ಲ, ಹಸಿಮೆಣಸಿನಕಾಯಿಯಂತೂ ನಮ್ಮದಕ್ಕಿಂತ ಖಾರ. ಚಟ್ನಿಗೆ ಅಡ್ಡಿಯಾಗಿರುವುದು ಭೌತಶಾಸ್ತ್ರ ಮಾತ್ರ. ಚಟ್ನಿ ಬೇಕಾದರೆ ಬೆವರಬೇಕು, ತಂಪು ಬೇಕಾದರೆ ಬರಿ ದೋಸೆ ತಿನ್ನಬೇಕು. ಎರಡನ್ನೂ ಬಯಸಿದ ರಾತ್ರಿಗಳಲ್ಲಿ ಪಂಚೆ ಮೇಲೆತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಗುಂಡಿಯನ್ನು ಮೇಲಕ್ಕೆ ತಳ್ಳಿ ಬರುತ್ತೇನೆ. ಇಲ್ಲಿನ ಗಂಡಸರೂ ಮನೆಯಲ್ಲಿ ಸರೋಂಗ್ ಉಡುವವರೇ, ಪ್ರಾರ್ಥನೆಗೆ ಹೋಗುವಾಗಲೂ ಅದನ್ನೇ ಉಟ್ಟು ಹೋಗುತ್ತಾರೆ. ಹಾಗಾಗಿ ನನ್ನ ಪಂಚೆಯನ್ನು ಮೊದಲ ಸಲ ಕಂಡ ಎದುರು ಮನೆಯ ಹಿರಿಯರು ಬಹಳ ಸಂತೋಷಪಟ್ಟು, ಅದು ಯಾವ ಅಂಗಡಿಯದೆಂದು ವಿಚಾರಿಸಿ, ಅಂಚಿನ ಜರಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿದರು. ಪಂಚೆ ನನ್ನ ಸೊಂಟದಲ್ಲೇ ಇತ್ತು.

ಇನ್ನು ನಮ್ಮ ಗಲ್ಲಿಯ ಕಾವಲುಗಾರರ ವಿಷಯ. ಸತ್ಪಾಮ್ ಎಂದು ಇಲ್ಲಿ ಹೇಳುತ್ತಾರೆ. ಐವತ್ತು ದಾಟಿದ, ಇಸ್ತ್ರಿ ಮಾಡಿದ ಸಮವಸ್ತ್ರದ, ಅತ್ಯಂತ ಸಭ್ಯ ಮನುಷ್ಯ. ಅವರಿಗಿರುವುದು ಒಂದೇ ಅಭ್ಯಾಸ: ಸಹಾಯ ಮಾಡುವುದು. ಅದರೊಳಗೆ ಇನ್ನೊಂದು ಅಭ್ಯಾಸವಿದೆ: ಸಹಾಯದ ನಡುವೆ ಕುಶಲ ವಿಚಾರಿಸುವುದು.

ಒಂದು ಸಂಜೆ ಬೆಂಗಳೂರಿನ ಕಚೇರಿಯವರು ಏಳು ಗಂಟೆಗೆ ಮೀಟಿಂಗ್ ಇಟ್ಟಿದ್ದರು. ಅವರ ಏಳು ಎಂದರೆ ನನ್ನ ಎಂಟೂವರೆ. ‘ಬರೀ ಒಂದೂವರೆ ಗಂಟೆ ತಾನೇ ವ್ಯತ್ಯಾಸ’ ಎಂದು ಹೇಳಿಯೇ ಅವರು ನನ್ನ ಪ್ರತಿ ಸಂಜೆಯನ್ನೂ ತಿಂದುಹಾಕಿದ್ದಾರೆ. ಮಳೆಗಾಲ, ಹೊರಗೆ ಧಾರಾಕಾರ ಮಳೆ. ದೊಡ್ಡ ಸಾಹೇಬರು ನನ್ನ ಹೆಸರು ಹಿಡಿದು ಪ್ರಶ್ನೆಯೊಂದನ್ನು ಕೇಳಿ ಮುಗಿಸುವುದಕ್ಕೂ ಮೀಟರಿನ ಯೂನಿಟ್ಟು ಸೊನ್ನೆಯಾಗುವುದಕ್ಕೂ ಸರಿಹೋಯಿತು. ವೈಫೈ ಆರಿತು, ಎಸಿ ನಿಂತಿತು. ಟೋಕನ್ ಚೀಟಿಯನ್ನು ಮಧ್ಯಾಹ್ನವೇ ತಂದು ಜೇಬಿನಲ್ಲಿಟ್ಟುಕೊಂಡಿದ್ದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಟಾರ್ಚು ಉರಿಯುವ ಫೋನು, ಹಲ್ಲುಗಳ ನಡುವೆ ಚೀಟಿ ಹಿಡಿದು ಮೀಟರಿನ ಮುಂದೆ ನಿಂತ ಮೇಲೆ, ಗುಂಡಿ ಒತ್ತಲು ಮೂರನೆಯ ಕೈ ಬೇಕೆಂಬುದು ಹೊಳೆಯಿತು. ಅಷ್ಟರಲ್ಲಿ ಸತ್ಪಾಮ್ ತಮ್ಮ ರೇನ್‌ಕೋಟಿನಲ್ಲಿ ಪ್ರತ್ಯಕ್ಷರಾದರು. ಛತ್ರಿ ಹಿಡಿದರು, ನನ್ನ ಬಾಯಿಯಿಂದ ಚೀಟಿಯನ್ನು ಮೆತ್ತಗೆ ಬಿಡಿಸಿಕೊಂಡರು, ‘ನೀವು ಒತ್ತಿ ಪಾಕ್, ನಾನು ಓದುತ್ತೇನೆ’ ಎಂದರು.

ಮೊದಲ ನಾಲ್ಕು ಅಂಕೆಗಳನ್ನು ರಾಗವಾಗಿ ಓದಿದರು. ಒತ್ತಿದೆ. ಮುಂದಿನ ನಾಲ್ಕಕ್ಕಾಗಿ ಕಿವಿ ನಿಮಿರಿಸಿದರೆ, ‘ಪಾಕ್‌ಗೆ ಮಕ್ಕಳೆಷ್ಟು?’ ಎಂಬ ಪ್ರಶ್ನೆ ಬಂತು. ಇಬ್ಬರು ಎಂದೆ. ‘ಅಲ್‌ಹಮ್ದುಲಿಲ್ಲಾಹ್’ ಎಂದು ಸಂತೋಷಪಟ್ಟು ಮುಂದಿನ ನಾಲ್ಕನ್ನು ಓದಿದರು. ಒತ್ತಿದೆ. ‘ಗಂಡೋ ಹೆಣ್ಣೋ?’ ಒಂದೊಂದು ಎಂದೆ. ಅದು ಬಹಳ ಒಳ್ಳೆಯದು, ಒಂದೊಂದು ಇದ್ದರೆ ಸಮತೋಲ, ತಮಗೆ ಮೂವರೂ ಗಂಡು, ಮೂವರಿಗೂ ಮೋಟಾರ್‌ಸೈಕಲ್ ಬೇಕಂತೆ ಎಂದು ವಿವರಿಸುತ್ತಿರುವಾಗ ಮೀಟರಿನ ಪರದೆ ತಾನಾಗಿ ಖಾಲಿಯಾಯಿತು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಅದು ಒತ್ತಿದ್ದನ್ನೆಲ್ಲ ಮರೆತುಬಿಡುತ್ತದೆ. ಮತ್ತೆ ಮೊದಲಿನಿಂದ.

ಈ ಸಲ ಎಂಟರವರೆಗೆ ನಿರ್ವಿಘ್ನವಾಗಿ ಬಂದೆವು. ಹನ್ನೆರಡನ್ನೂ ತಲುಪಿದೆವು. ಹನ್ನೆರಡರ ನಂತರ ಅವರು ಚೀಟಿಯಿಂದ ತಲೆಯೆತ್ತಿ, ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಈಗ ಕೇಳದಿದ್ದರೆ ಇನ್ನೆಂದೂ ಆಗದು ಎಂಬ ಮುಖದಲ್ಲಿ, ನಾನು ಶಾರುಖ್ ಖಾನ್‌ರನ್ನು ಕಣ್ಣಾರೆ ಕಂಡಿದ್ದೇನೆಯೇ ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಒಂದೇ ದೇಶ ತಾನೇ ಎಂದರು. ಅವರು ಇರುವುದು ಮುಂಬೈಯಲ್ಲಿ, ನಾನು ಬೆಂಗಳೂರಿನಲ್ಲಿ, ನಡುವೆ ಒಂದು ಸಾವಿರ ಕಿಲೋಮೀಟರ್ ಎಂದು ಮಳೆಯಲ್ಲಿ ಕೈಸನ್ನೆಯಿಂದ ತಿಳಿಸಲು ಹೋದೆ. ಕೈ ಗುಂಡಿಯಿಂದ ದೂರವಾಯಿತು, ಪರದೆ ಖಾಲಿಯಾಯಿತು. ಮೂರನೆಯ ಸುತ್ತಿಗೆ ಹೊರಡುವ ಮುನ್ನ ನಾನು ಕೈಮುಗಿದು, ಮಾತೆಲ್ಲ ಆಮೇಲೆ ಆಗಬಹುದೇ ಎಂದು ಕೇಳಿಕೊಂಡೆ. ಅವರು ‘ಖಂಡಿತ, ಖಂಡಿತ’ ಎಂದು ತಾವೇ ಕ್ಷಮೆ ಕೇಳಿ, ಹದಿನಾರು ಅಂಕೆಗಳನ್ನು ತಡೆಯಿಲ್ಲದೆ ಓದಿ, ಕೊನೆಯ ನಾಲ್ಕಕ್ಕೆ ಬಂದಾಗ ಏನೂ ಮಾತನಾಡದೆ ಸುಮ್ಮನೆ ನಿಂತುಬಿಟ್ಟರು. ಏನಾಯಿತೆಂದು ನೋಡಿದರೆ, ಮಳೆಹನಿಗೋ ನನ್ನ ಹಲ್ಲಿಗೋ ಸಿಕ್ಕಿ ಚೀಟಿಯ ಆ ಮೂಲೆ ಹಿಟ್ಟಾಗಿತ್ತು. ಎರಡು ಅಂಕೆ ಸ್ಪಷ್ಟ, ಒಂದು ಮೂರೋ ಎಂಟೋ, ಇನ್ನೊಂದು ಏನೂ ಅಲ್ಲ.

ಆಗ ಅವರು ನಡೆದುಕೊಂಡ ರೀತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಛತ್ರಿಯನ್ನು ನನ್ನ ಕೈಗೆ ಕೊಟ್ಟು ಮಳೆಯಲ್ಲೇ ಮಿನಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿನ ಹುಡುಗನಿಂದ ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ‘ಬೆನಾರ್’ ಎಂದು ಮೂಡಿ ಮನೆಯಲ್ಲಿ ಬೆಳಕಾದಾಗ ಅವರೂ ನಾನೂ ಚಪ್ಪಾಳೆ ತಟ್ಟಿದೆವು, ಎದುರು ಮಹಡಿಯಿಂದಲೂ ಚಪ್ಪಾಳೆ ಕೇಳಿಸಿತು. ಬೆಂಗಳೂರಿನವರ ಮೀಟಿಂಗ್ ಮುಗಿದಿತ್ತು. ಸಾಹೇಬರ ಪ್ರಶ್ನೆಗೆ ಉತ್ತರವಾಗಿ ನನ್ನ ಹೆಸರಿನ ಮುಂದೆ ‘ಒಪ್ಪಿಗೆ ಇದೆ’ ಎಂದು ಬರೆದುಕೊಂಡಿದ್ದರು. ಏನಕ್ಕೆ ಒಪ್ಪಿದ್ದೆ ಎಂಬುದು ಮುಂದಿನ ವಾರ ಕೆಲಸ ಬಂದು ಬಿದ್ದಾಗ ತಿಳಿಯಿತು.

ಏಷ್ಯಾದಲ್ಲಿ ಬೀದಿಗೆ ವಿದ್ಯುತ್ ದೀಪವನ್ನು ಮೊದಮೊದಲು ಕಂಡ ಊರುಗಳಲ್ಲಿ ನಮ್ಮದೂ ಒಂದು. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ಬೆಳಗಿಸಿದ್ದು 1905ರಲ್ಲಿ. ಅಂಥ ಊರಿನವನು ಪರದೇಶದ ಗಲ್ಲಿಯಲ್ಲಿ ನೆನೆದು ನಿಂತು ಅಂಕೆ ಒತ್ತುವುದನ್ನು ನಮ್ಮ ತಂದೆಯವರು ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಅಂದು ರಾತ್ರಿ ಯೋಚಿಸಿದೆ. ಬಹುಶಃ ಈ ಮೀಟರನ್ನು ಅವರು ತುಂಬಾ ಮೆಚ್ಚಿಕೊಳ್ಳುತ್ತಿದ್ದರು. ತಿಂಗಳ ಮೊದಲ ತಾರೀಖು ಸ್ಟೂಲು ಹತ್ತಿ, ಕನ್ನಡಕವನ್ನು ಹಣೆಗೇರಿಸಿ ಮೀಟರ್ ಓದಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕಕ್ಕೆ ಅದನ್ನು ಬರೆದಿಡುತ್ತಿದ್ದವರು ಅವರು. ಕೆಇಬಿಯ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಎರಡು ಯೂನಿಟ್ ವ್ಯತ್ಯಾಸ ಬಂದರೆ ಊಟ ರುಚಿಸುತ್ತಿರಲಿಲ್ಲ. ಮಧ್ಯರಾತ್ರಿ ಎದ್ದು, ‘ಬಚ್ಚಲುಮನೆ ಲೈಟು ಯಾರು ಉರಿಸಿಟ್ಟಿದ್ದು? ಕರೆಂಟೇನು ಪುಕ್ಕಟೆ ಬರತ್ತಾ?’ ಎಂದು ಇಡೀ ಮನೆಗೆ ಕೇಳುವ ಹಾಗೆ ಗದರುತ್ತಿದ್ದರು. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಲೈಟುಗಳು ಕೇಳುವವರಿಲ್ಲದೆ ಉರಿದಿವೆ. ಈಗ ಈ ಪರಕೀಯ ಊರಿನಲ್ಲಿ, ಇಬ್ಬರೂ ಮಕ್ಕಳು ದೂರವಿರುವ ಖಾಲಿ ಮನೆಯಲ್ಲಿ, ಮಲಗುವ ಮುನ್ನ ನಾನು ಒಂದೊಂದೇ ಸ್ವಿಚ್ಚು ಮುಟ್ಟಿ ನೋಡುತ್ತಾ ತಿರುಗುತ್ತೇನೆ. ನನ್ನ ಬಾಯಿಂದ ಹೊರಡುವ ಗೊಣಗಾಟ ನನ್ನದಲ್ಲ, ಅವರದು.

ಪುಕ್ಕಟೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ, ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದ ಹಾಗೆ ಉಚಿತ. ನಾನು ಇಲ್ಲಿ ಟೋಕನ್ ಸಾಹಸವನ್ನು ಫೋನಿನಲ್ಲಿ ವರ್ಣಿಸುತ್ತಿರುವಾಗ ನನ್ನ ಹೆಂಡತಿ ಅಷ್ಟನ್ನೂ ಸಮಾಧಾನದಿಂದ ಕೇಳಿ, ‘ನಮಗೆ ಈ ತಿಂಗಳೂ ಸೊನ್ನೆ ಬಿಲ್ಲು ಬಂತು ನೋಡ್ರೀ. ನೀವು ಇಲ್ಲದ್ದಕ್ಕೆ ಗೀಸರ್ ಅಷ್ಟೊತ್ತು ಉರಿಯಲ್ಲ’ ಎಂದಳು. ಇದು ವಿರಹವೋ ಅಭಿನಂದನೆಯೋ ತಿಳಿಯದೆ ಫೋನಿಟ್ಟೆ.

ಅಸಲಿಗೆ ಇಲ್ಲಿನ ಕರೆಂಟು ನನ್ನ ಕೈಯಿಂದ ಹೋಗಬೇಕಾದದ್ದಲ್ಲ. ನಿಯೋಜನೆಯ ಪತ್ರದಲ್ಲಿ ‘ವಿದ್ಯುತ್ ಬಿಲ್ಲಿನ ವೆಚ್ಚವನ್ನು ಕಂಪನಿ ಭರಿಸುತ್ತದೆ’ ಎಂದು ಸ್ಪಷ್ಟವಾಗಿ ಬರೆದಿದೆ. ಈ ವಾಕ್ಯದಲ್ಲಿ ‘ಬಿಲ್ಲು’ ಇರುವುದನ್ನು ಬೆಂಗಳೂರಿನ ನಮ್ಮ ಲೆಕ್ಕಪತ್ರ ವಿಭಾಗದ ಮಹನೀಯರೊಬ್ಬರು ಪತ್ತೆಹಚ್ಚಿದ್ದಾರೆ. ನಾನು ಒಪ್ಪವಾಗಿ ಅಂಟಿಸಿ ಕಳಿಸಿದ ಚೀಟಿಗಳು ಬಿಲ್ಲುಗಳಲ್ಲ, ರಸೀದಿಗಳು ಎಂಬುದು ಅವರ ಮೊದಲ ಆಕ್ಷೇಪ. ಬಳಸುವ ಮೊದಲೇ ಹಣ ಕಟ್ಟಲಾಗಿರುವುದರಿಂದ ಇದು ವೆಚ್ಚವಲ್ಲ, ಮುಂಗಡ. ಮುಂಗಡಕ್ಕೆ ಪೂರ್ವಾನುಮತಿ ಬೇಕು ಎಂಬುದು ಎರಡನೆಯದು. ತಿಂಗಳಿಗೊಂದು ಬಿಲ್ಲಿರಬೇಕಾದಲ್ಲಿ ಒಂದೇ ತಿಂಗಳಲ್ಲಿ ಇಷ್ಟೊಂದು ಏಕೆ, ಈ ಮನೆಗೆ ಎಷ್ಟು ಮೀಟರುಗಳಿವೆ ಎಂಬುದು ಮೂರನೆಯದು. ಪ್ರತಿಯೊಂದಕ್ಕೂ ನಾನು ಉತ್ತರಿಸಿದೆ. ಮೀಟರಿನ ಚಿತ್ರ ತೆಗೆದು ಕಳಿಸಿದೆ. ಅದು ಕಿರುಚುವುದನ್ನು ಧ್ವನಿಮುದ್ರಿಸಿಯೂ ಕಳಿಸಿದೆ. ಆ ಕಡತವನ್ನು ತೆರೆಯಲು ತಮ್ಮ ಗಣಕದಲ್ಲಿ ಅನುಮತಿಯಿಲ್ಲ ಎಂದು ಮಾರೋಲೆ ಬಂತು.

ನಾಲ್ಕನೆಯ ಆಕ್ಷೇಪ ಗಂಭೀರವಾದದ್ದು. ಚೀಟಿಯ ಮೇಲೆ ಗ್ರಾಹಕನ ಹೆಸರು ಅಚ್ಚಾಗುತ್ತದೆ, ಆ ಹೆಸರು ಇಬು ಅವರ ಮಾವನವರದು. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಈ ವ್ಯಕ್ತಿ ಯಾರು, ಇವರಿಗೂ ಕಂಪನಿಗೂ ಏನು ಸಂಬಂಧ, ಇವರ ಕರೆಂಟಿಗೆ ನಾವೇಕೆ ಹಣ ಕೊಡಬೇಕು ಎಂದು ಲೆಕ್ಕಪತ್ರದವರು ಕೇಳಿದರು. ನಾನು ವಾಸವಿರುವ ಮನೆಯ ಮೀಟರು ಇದೇ ಎಂದು ‘ಸ್ಥಳೀಯ ಪ್ರಾಧಿಕಾರ’ದಿಂದ ದೃಢೀಕರಣ ಪತ್ರ ತರಬೇಕೆಂದರು. ಅಂಥ ಪ್ರಾಧಿಕಾರ ನಮ್ಮ ಗಲ್ಲಿಯಲ್ಲಿ ಒಂದೇ.

ಪಾಕ್ ಎರ್‌ತೆಯವರಿಗೆ ವಿಷಯ ತಿಳಿಸಿದಾಗ ಅವರ ಮುಖ ಅರಳಿತು. ಪತ್ರ ಬರೆದುಕೊಡುವ ಅಧಿಕಾರವುಳ್ಳವರಿಗೆ ಪತ್ರ ಕೇಳುವವರು ಸಿಕ್ಕಾಗ ಆಗುವ ಆನಂದವನ್ನು ನಾನು ನಮ್ಮೂರಿನ ಕಚೇರಿಗಳಲ್ಲಿ ಎಂದೂ ಕಂಡಿಲ್ಲ. ಚಹಾ ತರಿಸಿದರು, ಸತ್ಪಾಮ್ ಅವರನ್ನು ಸಾಕ್ಷಿಯಾಗಿ ಕರೆಸಿದರು, ಇಬು ಅವರೂ ಬಂದು ಮಾವನವರ ಗುಣಗಾನ ಮಾಡಿದರು. ಎದುರು ಮನೆಯ ಹಿರಿಯರು ಕರೆಯದೆಯೇ ಬಂದು, ಆ ಮೀಟರು ಕೂಗುವುದನ್ನು ತಾವು ಅನೇಕ ರಾತ್ರಿಗಳಲ್ಲಿ ಸ್ವತಃ ಕೇಳಿರುವುದಾಗಿ ಹೇಳಿಕೆ ಕೊಟ್ಟರು. ಇಂಥವನು ಇಂಥ ಮನೆಯಲ್ಲಿ ವಾಸವಿದ್ದು ಇಂಥ ಸಂಖ್ಯೆಯ ಮೀಟರಿಗೆ ತಪ್ಪದೆ ಟೋಕನ್ ತುಂಬಿಸುತ್ತಿರುವುದು ಸತ್ಯ, ಈತ ಸದ್ಗೃಹಸ್ಥ ಎಂದು ಪತ್ರ ಸಿದ್ಧವಾಯಿತು. 10,000 ರುಪಿಯಾದ ಮುದ್ರಾಂಕ ಅಂಟಿಸಿ, ಅದರ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ನನ್ನಿಂದ ಸಹಿ ಹಾಕಿಸಿ, ಪಾಕ್ ಎರ್‌ತೆಯವರು ನೇರಳೆ ಶಾಯಿಯ ಮೊಹರನ್ನು ಗುದ್ದಿದರು. ನಾನು ಅದನ್ನು ಭಾಷಾಂತರಿಸಿ, ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಕಳಿಸಿದೆ.

ಇವತ್ತು ಬೆಳಿಗ್ಗೆ ಉತ್ತರ ಬಂದಿದೆ. ಪತ್ರವನ್ನು ಅಂಗೀಕರಿಸಿದ್ದಾರಂತೆ, ಟೋಕನ್ನುಗಳ ಹಣ ಪರಿಶೀಲನೆಯಲ್ಲಿದೆಯಂತೆ. ಆದರೆ ಮುದ್ರಾಂಕಕ್ಕೆಂದು ನಾನು ತೋರಿಸಿರುವ 10,000 ರುಪಿಯಾ, ಅಂದರೆ ಐವತ್ತು ಚಿಲ್ಲರೆ ರೂಪಾಯಿಯ ವೆಚ್ಚಕ್ಕೆ ರಸೀದಿಯನ್ನು ಲಗತ್ತಿಸಿಲ್ಲವಾದ್ದರಿಂದ ಇಡೀ ಅರ್ಜಿಯನ್ನು ವಾಪಸು ಕಳಿಸಿದ್ದಾರೆ.